ದೊಡ್ಡ ನಕ್ಷತ್ರ ಸಿಡಿದಾಗಲೆಲ್ಲ ಗಾಮಾ ಕಿರಣ ಸ್ಫೋಟ ಆಗುತ್ತಾ?

ಇಲ್ಲ. ದೊಡ್ಡ ನಕ್ಷತ್ರ ಸಿಡಿದು ಸೂಪರ್‌ನೋವಾ ಆದಾಗ ಗಾಮಾ ಕಿರಣಗಳ (ಅತಿ ಹೆಚ್ಚು ಶಕ್ತಿಯ, ಕಣ್ಣಿಗೆ ಕಾಣದ ಬೆಳಕಿನ) ಹೊಡೆತ ಕಾಣುವುದು ತೀರಾ ಅಪರೂಪ. ಆದರೆ ಎರಡು ಸೆಕೆಂಡಿಗಿಂತ ಜಾಸ್ತಿ ಹೊತ್ತು ಇರುವ ಗಾಮಾ ಸ್ಫೋಟಗಳಲ್ಲಿ ಹೆಚ್ಚಿನವು ಇಂಥ ಸಾವಿನಿಂದಲೇ ಬರುತ್ತವೆ.

1998ರ ಏಪ್ರಿಲ್ 25ರಂದು ಬೆಪ್ಪೋಸಾಕ್ಸ್ ಎಂಬ ಖಗೋಳ ಉಪಗ್ರಹಕ್ಕೆ ಒಂದು ಗಾಮಾ ಸ್ಫೋಟ ಸಿಕ್ಕಿತು. ಅದೇ ಜಾಗದಲ್ಲಿ ಒಂದು ಸೂಪರ್‌ನೋವಾ ಕೂಡ ಕಂಡಿತು. ಆದರೆ ಆ ಸ್ಫೋಟ ತುಂಬಾ ಸಪ್ಪೆ. ಸುಮ್ನೆ ಕಾಕತಾಳೀಯ ಇರಬಹುದು ಅಂತ ಅನುಮಾನ ಉಳಿಯಿತು.

2003ರ ಮಾರ್ಚ್ 29ರದ್ದು ಹಾಗಲ್ಲ. ಸುಮಾರು 200 ಕೋಟಿ ಜ್ಯೋತಿರ್ವರ್ಷ ದೂರದ ಪ್ರಖರ ಸ್ಫೋಟ ಅದು. ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದರೆ ಮೊದಮೊದಲು ಬರೀ ಸಪಾಟು. ವಾರ, ಹತ್ತು ದಿನ ಕಳೆದು ಹೊಳಪು ಇಳಿದಂತೆ ಸೂಪರ್‌ನೋವಾದ ಅಗಲವಾದ ಉಬ್ಬುಗಳು ಮೇಲೆದ್ದವು. ಥೇಟ್ 1998ರದ್ದರ ಹಾಗೇ!

ಈಗ ಹೆಚ್ಚಿನವರು ಒಪ್ಪುವ ವಿವರಣೆ ಇದು: ಹೊರಗಿನ ಹೈಡ್ರೋಜನ್, ಹೀಲಿಯಂ ಕಳಚಿಕೊಂಡು ಗಿರಗಿರನೆ ತಿರುಗುವ ನಕ್ಷತ್ರದ ತಿರುಳು ಕುಸಿದು ಕಪ್ಪುಕುಳಿ ಆಗುತ್ತದೆ. ಅದು ಸುತ್ತಲಿನದ್ದನ್ನು ನುಂಗುವಾಗ ಎರಡೂ ಧ್ರುವಗಳಿಂದ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಚಿಲುಮೆ ಚಿಮ್ಮುತ್ತದೆ. ಟಾರ್ಚ್ ಇದ್ದ ಹಾಗೆ, ನಮ್ಮ ಕಡೆ ತಿರುಗಿದ್ದರಷ್ಟೇ ಕಣ್ಣಿಗೆ ಹೊಡೆಯುವುದು ಅಲ್ವಾ? ಪಕ್ಕಕ್ಕೆ ತಿರುಗಿದ್ದರೆ ನಮಗೆ ಸಿಗುವುದು ಬರೀ ಸೂಪರ್‌ನೋವಾ.