ಓದುಗರ ಪ್ರಶ್ನೆ: ಯುದ್ಧದ ಕಲರ್ ಫಿಲ್ಮು ಅಸಲಿಯೋ, ಬಳಿದದ್ದೋ?

ಪ್ರಶ್ನೆ: ಎರಡನೇ ಮಹಾಯುದ್ಧದ ಕಲರ್ ವಿಡಿಯೋಗಳು ಮೊಬೈಲಿನಲ್ಲಿ ಬಹಳ ಬರುತ್ತಿವೆ. ಆ ಕಾಲದಲ್ಲಿ ಕಲರ್ ಎಲ್ಲಿತ್ತು, ಎಲ್ಲಾ ಕಂಪ್ಯೂಟರಿನಲ್ಲಿ ಬಳಿದದ್ದು ಅಂತಾನೆ ಮಗ. ನಿಜವೇ?
– ನಿವೃತ್ತ ಶಿಕ್ಷಕರು, ಬ್ರಹ್ಮಪುರ, ಕಲಬುರಗಿ

ಉತ್ತರ: ಅನುಮಾನ ಪಡುವುದು ಒಳ್ಳೆಯದೇ ಸರ್. ಬಳಿದದ್ದು ಈಗ ಜಾಸ್ತಿ ಆಗಿದೆ. ಆದರೆ ಅಸಲಿ ಕಲರ್ ಫಿಲ್ಮೂ ಸಾಕಷ್ಟಿದೆ. ಅದನ್ನು ಜೀವ ಪಣಕ್ಕಿಟ್ಟು ತೆಗೆದವರಿದ್ದಾರೆ, ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಕೊಡಾಕ್ ಕಂಪನಿಯ ಕೊಡಾಕ್ರೋಮ್ ಅನ್ನುವ ಕಲರ್ ಫಿಲ್ಮು 16 ಎಂಎಂ ಅಳತೆಯಲ್ಲಿ 1935ರಲ್ಲೇ ಮಾರುಕಟ್ಟೆಗೆ ಬಂದಿತ್ತು. ಆಗ ಹಾಲಿವುಡ್‌ನವರು ಬಳಸುತ್ತಿದ್ದ ಟೆಕ್ನಿಕಲರ್ ಕ್ಯಾಮೆರಾ ದೊಡ್ಡದು, ಭಾರ, ಅದನ್ನು ಹೊತ್ತುಕೊಂಡು ಯುದ್ಧಕ್ಕೆ ಹೋಗಲು ಆಗುತ್ತಿರಲಿಲ್ಲ. 16 ಎಂಎಂ ಕ್ಯಾಮೆರಾ ಹಾಗಲ್ಲ. ಕೈಯಲ್ಲಿ ಹಿಡಿಯಬಹುದು, ಕೀಲಿ ತಿರುಗಿಸಿದರೆ ಸಾಕು, ಬ್ಯಾಟರಿ ಬೇಡ. ಅಮೆರಿಕದ ನೌಕಾಪಡೆ, ಮರೀನ್ ಪಡೆ, ವಾಯುಪಡೆಯ ಕ್ಯಾಮೆರಾದವರು ಇದನ್ನೇ ಹಿಡಿದು ಪೆಸಿಫಿಕ್ ದ್ವೀಪಗಳಿಗೆ, ಯುರೋಪಿಗೆ ಹೋದರು. ನೂರು ಅಡಿಯ ಒಂದು ರೋಲು ಮೂರು ನಿಮಿಷವೂ ಓಡುವುದಿಲ್ಲ. ಮುಗಿದ ಕೂಡಲೇ, ಗುಂಡು ಹಾರುತ್ತಿದ್ದರೂ, ಕೂತು ಬೇರೆ ರೋಲು ಹಾಕಬೇಕು.

1942ರ ಜೂನ್‌ನಲ್ಲಿ ಮಿಡ್‌ವೇ ದ್ವೀಪದ ಮೇಲೆ ಜಪಾನಿ ವಿಮಾನಗಳು ಬಾಂಬು ಹಾಕಿದಾಗ ನಿರ್ದೇಶಕ ಜಾನ್ ಫೋರ್ಡ್ ಅಲ್ಲೇ ಇದ್ದರು. ಬಾಂಬಿನ ಚೂರು ತಾಗಿ ಗಾಯವಾಯಿತು, ಆದರೂ ಫಿಲ್ಮು ಉಳಿಯಿತು, ಅದೂ ಕಲರಿನಲ್ಲಿ. ಇನ್ನೊಬ್ಬ ನಿರ್ದೇಶಕ ವಿಲಿಯಂ ವೈಲರ್ ಬಿ-17 ಬಾಂಬರ್ ವಿಮಾನ ಹತ್ತಿ ಜರ್ಮನರ ಹಿಡಿತದಲ್ಲಿದ್ದ ಯುರೋಪಿನ ಮೇಲೆ ಹಾರಿದರು. ಅವರ ತಂಡದ ಹೆರಾಲ್ಡ್ ಟಾನನ್‌ಬಾಮ್ 1943ರಲ್ಲಿ ವಿಮಾನದ ಜೊತೆಗೇ ಜೀವ ಕಳೆದುಕೊಂಡರು. ಇಂಥದ್ದು ಓದಿದ ಮೇಲೆ "ಎಲ್ಲಾ ಕಂಪ್ಯೂಟರ್" ಅಂದರೆ ನನಗೆ ಸಂಕಟವಾಗುತ್ತದೆ.

ಮತ್ತೊಬ್ಬ ನಿರ್ದೇಶಕ ಜಾರ್ಜ್ ಸ್ಟೀವನ್ಸ್ ಕಥೆ ಇನ್ನೂ ಬೇರೆ. ಸೈನ್ಯಕ್ಕಾಗಿ ಅವರ ತಂಡ ಕಪ್ಪು-ಬಿಳುಪಿನಲ್ಲಿ ಚಿತ್ರಿಸಿತು, ಅವರು ತಮಗೆ ಅಂತ ಬೇರೆಯಾಗಿ ಕಲರ್ ರೋಲು ಇಟ್ಟುಕೊಂಡಿದ್ದರು. 1944ರ ನಾರ್ಮಂಡಿ ದಾಳಿಯಿಂದ 1945ರಲ್ಲಿ ನಾಜಿಗಳ ಡಖಾವ್ ಯಾತನಾ ಶಿಬಿರದ ಕೈದಿಗಳು ಬಿಡುಗಡೆಯಾದ ತನಕ ಎಲ್ಲ ಅದರಲ್ಲಿದೆ. ಆ ರೀಲುಗಳು ಹೊರಜಗತ್ತಿಗೆ ಕಂಡದ್ದು 1975ರಲ್ಲಿ ಅವರು ತೀರಿಕೊಂಡ ಮೇಲೆ, ಮಗನ ಕೈಯಿಂದ.

ಹಾಗಾದರೆ ಆ ಕಾಲದ ಜನ ಥಿಯೇಟರಿನಲ್ಲಿ ಕಪ್ಪು-ಬಿಳುಪನ್ನೇ ಯಾಕೆ ಜಾಸ್ತಿ ನೋಡಿದರು? ಕೊಡಾಕ್ರೋಮ್ ತೊಳೆಯುವುದು ಬಹಳ ಕಷ್ಟದ ಕೆಲಸ. ಬಣ್ಣ ಫಿಲ್ಮಿನೊಳಗೇ ಇರುತ್ತಿರಲಿಲ್ಲ, ತೊಳೆಯುವಾಗ ಒಂದೊಂದು ಪದರಕ್ಕೆ ಒಂದೊಂದಾಗಿ ಕೂಡಿಸಬೇಕಿತ್ತು. ಯುದ್ಧಭೂಮಿಯ ಟೆಂಟಿನಲ್ಲಿ ಆಗುವ ಮಾತಲ್ಲ. ರೋಲನ್ನು ದೂರದ ಲ್ಯಾಬಿಗೆ ಕಳಿಸಬೇಕು, ತೆಗೆದವನಿಗೆ ತಾನು ತೆಗೆದದ್ದು ಏನಾಯಿತು ಅಂತ ಗೊತ್ತಾಗುತ್ತಲೂ ಇರಲಿಲ್ಲ. ಥಿಯೇಟರಿನ ವಾರದ ನ್ಯೂಸ್‌ರೀಲಿಗೆ, ಅಂದರೆ ಸುದ್ದಿಚಿತ್ರಕ್ಕೆ, ಅಷ್ಟು ಕಾಯಲು ಪುರುಸೊತ್ತಿಲ್ಲ.

ಗುರುತು ಹಿಡಿಯುವುದು ಹೇಗೆ ಅಂದರೆ, ಮುಖಗಳನ್ನು ನೋಡಿ. ಅಸಲಿಯಲ್ಲಿ ಒಬ್ಬನ ಕುತ್ತಿಗೆ ಬಿಸಿಲಿಗೆ ಕೆಂಪಾಗಿರುತ್ತದೆ, ಪಕ್ಕದವನದು ಮಣ್ಣು ಮೆತ್ತಿ ಬೂದಿಯಾಗಿರುತ್ತದೆ. ಬಳಿದದ್ದರಲ್ಲಿ ಎಲ್ಲರ ಚರ್ಮವೂ ಒಂದೇ ತರಹ, ಹುಲ್ಲು ಗಿಡ ಎಲ್ಲ ಒಂದೇ ಹಸಿರು, ಮನುಷ್ಯ ಸರಿದಾಡಿದರೆ ಅಂಚಿನಲ್ಲಿ ಬಣ್ಣ ಅಲುಗುತ್ತದೆ. ಇನ್ನೊಂದು, ಬೆಳಕು. ಆಗಿನ ಕೊಡಾಕ್ರೋಮಿನ ವೇಗ, ಅಂದರೆ ಬೆಳಕು ಹಿಡಿಯುವ ಶಕ್ತಿ, ಇವತ್ತಿನ ಲೆಕ್ಕದಲ್ಲಿ ಸುಮಾರು 10. ನಮ್ಮ ಊರಿನ ಸ್ಟುಡಿಯೋಗಳಲ್ಲಿ ಆಮೇಲೆ ಸಿಗುತ್ತಿದ್ದ ಫಿಲ್ಮು 100 ಅಥವಾ 200 ಇತ್ತಲ್ವಾ, ಅದರ ಮುಂದೆ ಇದು ಬಹಳ ಮಂದ. ಒಳ್ಳೆ ಬಿಸಿಲು ಬೇಕೇ ಬೇಕು. ಕತ್ತಲ ಕಾಡಿನ ಕಾಳಗ ಬಣ್ಣಬಣ್ಣವಾಗಿ ಕಂಡರೆ ಅನುಮಾನ ಪಡಿ.

ಪ್ರಶ್ನೆ: ನಮ್ಮ ಮುತ್ತಜ್ಜ ಬರ್ಮಾ ಕಡೆ ಯುದ್ಧದಲ್ಲಿ ಇದ್ದರಂತೆ. ನಮ್ಮವರು ಕಲರಿನಲ್ಲಿ ಯಾಕೆ ಅಷ್ಟು ಕಾಣುವುದಿಲ್ಲ?
– ಓದುಗರು, ಬೀದರ್

ಉತ್ತರ: ಬ್ರಿಟಿಷ್ ಸೈನ್ಯದ ಫಿಲ್ಮು ತಂಡಗಳು ಬಹುಪಾಲು ಕಪ್ಪು-ಬಿಳುಪಿನಲ್ಲೇ ಕೆಲಸ ಮಾಡಿದವು. ಕಲರ್ ಇದ್ದದ್ದು ಹೆಚ್ಚಾಗಿ ಅಮೆರಿಕದವರ ಹತ್ತಿರ. ಅವರು ಹೋದ ಕಡೆಯಷ್ಟೇ ಬಣ್ಣ ಹೋಯಿತು. 1944ರಲ್ಲಿ ಬರ್ಮಾ ಗಡಿಯ ಕಾಳಗ ನಡೆದ ಕೊಹಿಮಾ, ಇಂಫಾಲದ ಮಳೆ, ಮಂಜು, ದಟ್ಟ ಕಾಡು ಬೇರೆ. ನಮ್ಮ ನಿಜಾಮ ಸಂಸ್ಥಾನದ ಪಡೆಯೊಂದು 1941ರ ಡಿಸೆಂಬರಿನಲ್ಲಿ ಮಲಯಾದ ಕೋಟಾ ಬಾರುವಿನಲ್ಲಿ ಜಪಾನಿ ದಾಳಿ ಎದುರಿಸಿತು. ಕೊಡಗಿನ ತಿಮ್ಮಯ್ಯನವರು ಬರ್ಮಾದಲ್ಲಿ ಹೈದರಾಬಾದ್ ರೆಜಿಮೆಂಟಿನ ಬಟಾಲಿಯನ್ ನಡೆಸಿದರು. ಇವರ ಕಪ್ಪು-ಬಿಳುಪು ಚಿತ್ರಕ್ಕೆ ಯಾರೋ ಸುಮ್ನೆ ಅಂದಾಜಿನ ಬಣ್ಣ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ. ನಮ್ಮವರ ಮೈಬಣ್ಣವನ್ನು ಆ ಸಾಫ್ಟ್‌ವೇರು ಹೇಗೆ ಕೆಡಿಸುತ್ತದೆ ನೋಡಿದ್ದೀರಲ್ಲ! ಮುತ್ತಜ್ಜನ ಫೋಟೋ, ಪದಕ ಏನಾದರೂ ಇದ್ದರೆ ಇದ್ದ ಹಾಗೆಯೇ ಸ್ಕ್ಯಾನ್ ಮಾಡಿಸಿ ಇಡಿ. ಪದಕದ ಅಂಚಿನಲ್ಲಿ ಹೆಸರು, ನಂಬರು ಇರಬಹುದು, ಅದನ್ನೂ ನೋಡಿ.

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟಿಗೆ ಇಂಥ ಫಿಲ್ಮು ಬಳಸಬಹುದಾ? ಸದ್ದು ಕೂಡ ಅಸಲಿಯೇ?
– ವಿದ್ಯಾರ್ಥಿನಿ, ಯಾದಗಿರಿ

ಉತ್ತರ: ಸದ್ದು ಅಸಲಿಯಲ್ಲಮ್ಮ. ಆ ಕೈ ಕ್ಯಾಮೆರಾಗಳು ಮೂಕ. ಗುಂಡು, ಬಾಂಬು, ಎಂಜಿನ್ ಸದ್ದು ಎಲ್ಲ ಆಮೇಲೆ ಸೇರಿಸಿದ್ದು. ದೂರದಲ್ಲಿ ಬಾಂಬು ಬಿದ್ದಾಗ ಬೆಂಕಿ ಕಂಡ ಕ್ಷಣವೇ ಸದ್ದು ಬಂದರೆ ತಿಳಿಯಿತು, ಒಂದು ಕಿಲೋಮೀಟರ್ ದಾಟಲು ಸದ್ದಿಗೆ ಸುಮಾರು 3 ಸೆಕೆಂಡು ಬೇಕು. ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ವೆಬ್‌ಸೈಟಿನಲ್ಲಿ ಹುಡುಕು. ಅಲ್ಲಿನ ಸರ್ಕಾರಿ ನೌಕರರು ಕೆಲಸದ ಭಾಗವಾಗಿ ತೆಗೆದ ಫಿಲ್ಮಿಗೆ ಆ ದೇಶದಲ್ಲಿ ಕಾಪಿರೈಟ್ ಇಲ್ಲ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ಫಿಲ್ಮು ಬೇಕಾದರೆ ಅವರ ನಿಯಮ ಓದಿ, ಅನುಮತಿ ಕೇಳಿಯೇ ಬಳಸು. ಎಲ್ಲಿಂದ ತೆಗೆದುಕೊಂಡೆ, ಮೂಲದಲ್ಲಿ ಕಲರ್ ಇತ್ತಾ ಇಲ್ಲವಾ, ಎರಡನ್ನೂ ಚಿತ್ರದ ಕೆಳಗೇ ಬರೆ.