ಮನೆ ವಿಳಾಸ ಬಚ್ಚಿಡಲು ವೆಬ್‌ಸೈಟಿಗೊಂದು ಕಂಪನಿ ಬೇಕೇ?

ಅದೊಂದಕ್ಕೇ ಆದರೆ ಬೇಡ. ಕಂಪನಿ ನಿಮ್ಮ ಆಸ್ತಿಗೆ ಗೋಡೆ, ಮುಖಕ್ಕೆ ಮುಸುಕಲ್ಲ. ಸಾಲ, ಒಪ್ಪಂದದ ಜಗಳ ಸಾಮಾನ್ಯವಾಗಿ ಕಂಪನಿಯ ತಲೆಗೆ ಬರುತ್ತದೆ. ನೀವೇ ಕೈಯಾರೆ ಮಾಡಿದ ತಪ್ಪಿಗೆ ಆಗಲೂ ನೀವೇ ಹೊಣೆ.

ಎಷ್ಟೋ ಕಡೆ ನೋಂದಾಯಿಸಿದರೆ ಗುಟ್ಟು ಇನ್ನಷ್ಟು ಬಯಲು. ಬ್ರಿಟನ್ನಿನ ಕಂಪನಿ ನೋಂದಣಿ ಕಚೇರಿ ಕಂಪನೀಸ್ ಹೌಸ್‌ನಲ್ಲಿ ನಿರ್ದೇಶಕರ ಹೆಸರು, ಹುಟ್ಟಿದ ತಿಂಗಳು ಮತ್ತು ವರ್ಷ, ಪತ್ರವ್ಯವಹಾರದ ವಿಳಾಸ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಅಮೆರಿಕದ ಡೆಲವೇರ್‌ನಲ್ಲಿ ಎಲ್‌ಎಲ್‌ಸಿ (ಮಾಲೀಕರ ಹೊಣೆಗೆ ಮಿತಿಯಿರುವ ಒಂದು ಬಗೆಯ ಕಂಪನಿ) ನೋಂದಣಿ ಪತ್ರದಲ್ಲಿ ಮಾಲೀಕರ ಹೆಸರು ಬರೆಯಬೇಕಿಲ್ಲ, ನಿಜ. ಬ್ಯಾಂಕಿನ ಮುಂದೆ ಆ ಮರೆ ನಡೆಯುವುದಿಲ್ಲ.

ವಿಳಾಸ ಸೋರುವುದು ಹೆಚ್ಚಾಗಿ ಡೊಮೇನ್‌ನಿಂದ, ಅಂದರೆ ಸೈಟಿನ ಹೆಸರು ಕೊಳ್ಳುವಾಗ ಕೊಟ್ಟ ವಿವರದಿಂದ. ಯುರೋಪಿನ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್ 2018ರ ಮೇ 25ರಂದು ಜಾರಿಯಾದ ಮೇಲೆ ಡಾಟ್ ಕಾಮ್‌ನಂಥವುಗಳ ಹೂಈಸ್ ದಾಖಲೆಯಲ್ಲಿ (ಡೊಮೇನ್ ಯಾರದೆಂದು ತೋರಿಸುವ ಸಾರ್ವಜನಿಕ ಪಟ್ಟಿ) ವೈಯಕ್ತಿಕ ವಿವರ ಬಹುಮಟ್ಟಿಗೆ ಮರೆಯಾಗಿದೆ. ಆದರೆ ಹಳೇ ದಾಖಲೆಗಳನ್ನು ನಕಲು ಮಾಡಿ ಮಾರುವವರಿದ್ದಾರೆ. ನನ್ನದೇ ಕಥೆ: ಗೌಪ್ಯತೆಯ ಆಯ್ಕೆಗೆ ಟಿಕ್ ಹಾಕಿದ್ದು ಎರಡನೇ ವರ್ಷ, ಮೊದಲ ವರ್ಷದ ಮನೆ ನಂಬರು ಇವತ್ತಿಗೂ ಸಿಗುತ್ತದೆ. ಆದ್ದರಿಂದ ಡೊಮೇನ್ ಕೊಳ್ಳುವ ದಿನವೇ ಆ ಟಿಕ್ ಹಾಕಿ.

ಅಂಚೆ ಪೆಟ್ಟಿಗೆಯನ್ನೂ ಬಾಡಿಗೆಗೆ ಹಿಡಿಯಿರಿ. ಅಮೆರಿಕದ ಕ್ಯಾನ್-ಸ್ಪ್ಯಾಮ್ ಕಾನೂನಿನಂತೆ ಜಾಹೀರಾತಿನ ಇಮೇಲ್ ಅಡಿಯಲ್ಲಿ ಅಂಚೆ ವಿಳಾಸ ಕಡ್ಡಾಯ, ಪೆಟ್ಟಿಗೆ ಸಂಖ್ಯೆ ಕೊಟ್ಟರೂ ನಡೆಯುತ್ತದೆ. ಕಂಪನಿಯ ಯೋಚನೆ, ಸೈಟಿನಲ್ಲಿ ಏನಾದರೂ ಮಾರಲು ಶುರುಮಾಡಿದಾಗ ಸಾಕು.