ಡಿಸ್ಕ್ ಫಾರ್ಮ್ಯಾಟೇ ಆಗ್ತಿಲ್ಲ, ಬ್ಯುಸಿ ಅಂತಿದೆ

ಪ್ರಶ್ನೆ: ಸರ್, ನಮ್ಮದು ಫೋಟೋ ಸ್ಟುಡಿಯೋ. ಹಳೇ ಲಿನಕ್ಸ್ ಸಿಸ್ಟಮ್‌ನಲ್ಲಿ ಮೂರು ಡಿಸ್ಕ್ ಹಾಕಿ ಸಾಫ್ಟ್‌ವೇರ್ ರೇಡ್ 5 ಮಾಡಿದ್ವಿ, ಒಂದು ಡಿಸ್ಕ್ ಸತ್ತೋಯ್ತು. ಉಳಿದ ಎರಡನ್ನ ಬೇರೆ ಮಷೀನಿಗೆ ಹಾಕಿ ಫಾರ್ಮ್ಯಾಟ್ ಮಾಡೋಣ ಅಂದ್ರೆ 'ಡಿವೈಸ್ ಆರ್ ರಿಸೋರ್ಸ್ ಬ್ಯುಸಿ' ಅಂತ ಬರುತ್ತೆ. ಮೌಂಟೇ ಮಾಡಿಲ್ಲ, ರೀಸ್ಟಾರ್ಟ್ ಮಾಡಿದ್ರೂ ಅದೇ ಕಥೆ. ಹಳೇ ಮದುವೆ ಫೋಟೋಗಳಿಗೆಲ್ಲ ಬೇರೆ ಕಡೆ ಕಾಪಿ ಇದೆ ಅಂದ್ಕೊಂಡಿದೀನಿ. ಡಿಸ್ಕ್ ಬಿಡಿಸೋದು ಹೇಗೆ?
– ಓದುಗರು, ಹಾವೇರಿ

ಉತ್ತರ: 'ಅಂದ್ಕೊಂಡಿದೀನಿ' ಅಂದ್ರಲ್ಲ, ಅಲ್ಲೇ ಸ್ವಲ್ಪ ನಿಲ್ಲಿ. ರೇಡ್ 5 ಅಂದ್ರೆ ಡೇಟಾನ ಹಲವು ಡಿಸ್ಕಿಗೆ ಹಂಚಿಡೋ ವ್ಯವಸ್ಥೆ, ಅದರಲ್ಲಿ ಮೂರರಲ್ಲಿ ಒಂದು ಹೋದ್ರೂ ಉಳಿದ ಎರಡರಿಂದ ಪೂರ್ತಿ ಡೇಟಾ ಸಿಗುತ್ತೆ, ಅಂದ್ರೆ ನೀವು ಅಳಿಸೋಕೆ ಹೊರಟಿರೋ ಅರೇಗೆ (ಆ ಡಿಸ್ಕ್‌ಗಳ ಗುಂಪಿಗೆ) ಇನ್ನೂ ಜೀವ ಇರಬಹುದು.

ಪ್ರಾಕ್ ಫೋಲ್ಡರ್ ಒಳಗೆ ರೇಡ್ ಸ್ಥಿತಿ ತೋರಿಸೋ ಎಂಡಿಸ್ಟ್ಯಾಟ್ ಫೈಲ್ ಇದೆ, ಕ್ಯಾಟ್ ಕಮಾಂಡ್‌ನಿಂದ ತೆರೆದು ನೋಡಿ. ಬಹುಶಃ ಎಂಡಿ127 (ಅರೇಗೆ ಲಿನಕ್ಸ್ ಕೊಟ್ಟ ಹೆಸರು) ಇನ್‌ಆಕ್ಟಿವ್ ಅಂತ ಇದ್ದು, ಎರಡೂ ಡಿಸ್ಕಿನ ಹೆಸರಿನ ಮುಂದೆ ಬ್ರಾಕೆಟ್‌ನಲ್ಲಿ ಎಸ್ (ಸ್ಪೇರ್) ಅಂತ ಕಾಣುತ್ತೆ. ಬೂಟ್ ಆಗುವಾಗ ಡಿಸ್ಕಿನ ಮೇಲಿರೋ ರೇಡ್ ಗುರುತು, ಅಂದ್ರೆ ಸೂಪರ್‌ಬ್ಲಾಕ್ ನೋಡಿ ಲಿನಕ್ಸ್ ಆ ಎರಡನ್ನೂ ಹಿಡ್ಕೊಂಡಿದೆ, ಮೂರನೇದು ಬರಲಿ ಅಂತ ಕಾಯ್ತಾ ಕೂತಿದೆ, ಅದಕ್ಕೇ ಮೌಂಟ್ ಆಗಿಲ್ದಿದ್ರೂ ಬ್ಯುಸಿ, ರೀಸ್ಟಾರ್ಟ್ ಮಾಡಿದ್ರೂ ಬ್ಯುಸಿ.

ಮೊದಲು ಎಂಡಿಆಡ್ಮ್ ಅನ್ನೋ ರೇಡ್ ನಿಭಾಯಿಸೋ ಕಮಾಂಡಿಗೆ ರನ್ ಅಂತ ಆಪ್ಷನ್ ಕೊಟ್ಟು ಎಂಡಿ127 ಶುರು ಮಾಡಿ. ಎದ್ರೆ ರೀಡ್-ಓನ್ಲಿ ಮೌಂಟ್ ಮಾಡಿ ಫೋಟೋ ಎಲ್ಲಾ ಕಾಪಿ ತಗೊಳ್ಳಿ, ನಾಲ್ಕೈದು ಫೋಲ್ಡರ್ ತೆರೆದು ಫೋಟೋ ನಿಜವಾಗ್ಲೂ ಓಪನ್ ಆಗ್ತಿದೆಯಾ ಅಂತ ಕಣ್ಣಾರೆ ನೋಡ್ಕೊಳ್ಳಿ. ಬೇರೆಯವರ ಮನೆ ಮದುವೆ ಫೋಟೋ, ಹೋದ್ರೆ ಮತ್ತೆ ತೆಗೆಯೋಕಾಗಲ್ಲ.

ಆಮೇಲೆ ಬಿಡಿಸೋದು ಸುಲಭ. ಅನ್‌ಮೌಂಟ್ ಮಾಡಿ, ಎಂಡಿಆಡ್ಮ್‌ಗೆ ಸ್ಟಾಪ್ ಕೊಡಿ. ನಿಲ್ಲಲ್ಲ ಅಂತ ಹಠ ಹಿಡಿದ್ರೆ ಅದರ ಮೇಲೆ ಎಲ್‌ವಿಎಂ (ಡಿಸ್ಕ್ ಜಾಗವನ್ನ ವಾಲ್ಯೂಮ್ ಗ್ರೂಪ್‌ಗಳಾಗಿ ನಿಭಾಯಿಸೋ ವ್ಯವಸ್ಥೆ) ಇರಬಹುದು, ವಿಜಿಚೇಂಜ್ ಕಮಾಂಡ್‌ನಿಂದ ಆ ಗ್ರೂಪ್ ಆಫ್ ಮಾಡಿ ಮತ್ತೆ ಟ್ರೈ ಮಾಡಿ. ಸ್ಟಾಪ್ ಆದ್ಮೇಲೆ ಎಂಡಿಆಡ್ಮ್‌ನ ಝೀರೋ-ಸೂಪರ್‌ಬ್ಲಾಕ್ ಆಪ್ಷನ್ನು, ಎಂಡಿಸ್ಟ್ಯಾಟ್‌ನಲ್ಲಿ ಎಸ್‌ಡಿಬಿ1 ಅಂತಿದ್ರೆ ಪಾರ್ಟಿಷನ್ ಮೇಲೇ, ಬರೀ ಎಸ್‌ಡಿಬಿ ಅಂತಿದ್ರೆ ಇಡೀ ಡಿಸ್ಕ್ ಮೇಲೆ ಓಡಿಸಿ, ಎರಡೂ ಡಿಸ್ಕಿಗೂ. ಡಿಡಿ ಅನ್ನೋ ಕಮಾಂಡ್ ಹಾಕಿ ಶುರುವಿನ ಜಾಗಕ್ಕೆ ಮಾತ್ರ ಸೊನ್ನೆ ತುಂಬಿದ್ರೆ ಸಾಕು ಅಂತ ತುಂಬಾ ಜನ ಹೇಳ್ತಾರೆ, ನಾನು ಒಪ್ಪಲ್ಲ. ಸೂಪರ್‌ಬ್ಲಾಕಿನ 1.2 ವರ್ಷನ್ನಿನ ಗುರುತು ಶುರುವಿಂದ 4 ಕೆಬಿ ದೂರದಲ್ಲಿರುತ್ತೆ ಸರಿ, ಆದ್ರೆ 0.90 ಮತ್ತು 1.0ದ್ದು ಡಿಸ್ಕಿನ ಕೊನೇಲಿ ಇರುತ್ತೆ, ಅದು ಹಾಗೇ ಉಳಿದು ಮುಂದಿನ ಬೂಟ್‌ನಲ್ಲಿ ಅರೇ ಮತ್ತೆ ಏಳುತ್ತೆ.

ಎಸ್‌ಡಿಬಿ, ಎಸ್‌ಡಿಸಿ ಹೆಸರುಗಳು ರೀಸ್ಟಾರ್ಟ್‌ಗೆ ಅದಲುಬದಲಾಗೋದುಂಟು. ಅಳಿಸೋ ಮುಂಚೆ ಡಿಸ್ಕಿನ ಸೀರಿಯಲ್ ನಂಬರನ್ನ ಮೇಲಿರೋ ಸ್ಟಿಕ್ಕರ್ ಜೊತೆ ತಾಳೆ ನೋಡಿಯೇ ಎಂಟರ್ ಒತ್ತಿ.